ಒಂದೇ ಸಾಮಾನಿಗೆ ಎಷ್ಟು ಹೆಸರು?

ಕುಕ್ಕರಿನ ಗ್ಯಾಸ್ಕೆಟ್ ಹರಿಯಿತೆಂದು ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, ‘ಯಾವ ಕಂಪನಿ, ಎಷ್ಟು ಲೀಟರು?’ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ವ್ಯಾಪಾರವಲ್ಲವೇ, ಅವರವರ ಲಾಭ ಅವರವರಿಗೆ ಎಂದು ಸುಮ್ಮನಾಗುತ್ತೇವೆ. ಆದರೆ ಪುಕ್ಕಟೆ ಹಂಚುವ ಸಾಮಾನಿಗೂ ಇದೇ ಗತಿಯಾದರೆ?

2025ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ಹೊಸದನ್ನು ತಾಳಿಕೊಳ್ಳುವ ಶಕ್ತಿ ನನ್ನ ಹಳೇ ಕಂಪ್ಯೂಟರಿಗೆ ಇರಲಿಲ್ಲ. ತಮ್ಮನ ಮಗ ಅದಕ್ಕೆ ಲಿನಕ್ಸ್ ಹಾಕಿಕೊಟ್ಟು ಊರಿಗೆ ಹೊರಟುಹೋದ. ನಮ್ಮ ಸ್ತ್ರೀಶಕ್ತಿ ಸಂಘದ ಸಾಲದ ಅರ್ಜಿಯನ್ನು ಮರುದಿನವೇ ಕೊಡಬೇಕಿತ್ತು. ತೆರೆದು ನೋಡಿದರೆ ಅಕ್ಷರವೇ ಇಲ್ಲ, ಸಾಲು ಸಾಲು ಚೌಕ! ಬೆಂಗಳೂರಿನ ಮಗಳಿಗೆ ಫೋನು ಮಾಡಿದೆ. ‘ಅಷ್ಟೇನಾ ಅಮ್ಮಾ, ಕನ್ನಡ ಫಾಂಟು ಇಲ್ಲ. ನಾನು ಹೇಳಿದ ಹಾಗೆ ಟೈಪ್ ಮಾಡು’ ಎಂದಳು. ಮಾಡಿದೆ. ಅಂಥ ಆಜ್ಞೆಯೇ ಇಲ್ಲವೆಂದಿತು ಯಂತ್ರ. ಮತ್ತೆ ಮಾಡಿದೆ, ಮತ್ತೆ ಅದೇ. ‘ಸರಿಯಾಗಿ ನೋಡಿ ಹೊಡಿಯಮ್ಮಾ’ ಎಂದು ಸಿಡುಕಿದಳು. ನನಗೇ ತಿಳಿಯುವುದಿಲ್ಲವೆಂದು ನಾನೂ ನಂಬಿಬಿಟ್ಟೆ. ಒಂದು ಗಂಟೆಯ ಮೇಲೆ ಗೊತ್ತಾಯಿತು, ಅವಳದ್ದು ಒಂದು ಬಗೆಯ ಲಿನಕ್ಸ್, ನನ್ನದು ಇನ್ನೊಂದು!

ಫೆಡೋರಾದಲ್ಲಿ ‘ಡಿಎನ್‌ಎಫ್’ ಎನ್ನಬೇಕಂತೆ, ಡೆಬಿಯನ್‌ನಲ್ಲಿ ‘ಆಪ್ಟ್’ ಎನ್ನಬೇಕಂತೆ. ಹೋಗಲಿ, ಸಾಮಾನಿನ ಹೆಸರಾದರೂ ಒಂದೇ ಇದೆಯೇ? ಲೋಹಿತ್ ಎಂಬ ಅದೇ ಕನ್ನಡ ಫಾಂಟು ಅಲ್ಲಿ ‘ಲೋಹಿತ್-ಕನ್ನಡ-ಫಾಂಟ್ಸ್’, ಇಲ್ಲಿ ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’. ಅಕ್ಕಿ ಅದೇ, ಡಬ್ಬಿಯ ಮೇಲಿನ ಚೀಟಿ ಮಾತ್ರ ಬೇರೆ.

ಇದಕ್ಕೆ ಸಮಜಾಯಿಷಿ ಇಲ್ಲವೆಂದಲ್ಲ. ಹಲವು ತಂತ್ರಾಂಶಗಳು ಒಂದೇ ಲೈಬ್ರರಿಯನ್ನು ಹಂಚಿಕೊಳ್ಳುತ್ತವೆ. ಅದರಲ್ಲಿ ತೂತು ಕಂಡರೆ ಒಂದು ಕಡೆ ಮುಚ್ಚಿದರೆ ಸಾಕು. ಯಾವ ಆವೃತ್ತಿ ಇಟ್ಟುಕೊಳ್ಳಬೇಕೆಂಬುದು ಆಯಾ ಮನೆಯವರ ತೀರ್ಮಾನ. ಒಪ್ಪೋಣ. 1993ರಲ್ಲಿ ಶುರುವಾದ ಡೆಬಿಯನ್ನನ್ನು ಇಂದಿಗೂ ಕಟ್ಟುತ್ತಿರುವ ಸ್ವಯಂಸೇವಕರ ದುಡಿಮೆಗೆ ನನ್ನ ನಮಸ್ಕಾರವೂ ಇದೆ. ಆದರೆ ಈ ಗೊಂದಲ ಬಗೆಹರಿಸುತ್ತೇವೆಂದು ಬಂದವರು ಮಾಡಿದ್ದೇನು? ಒಬ್ಬರು ಸ್ನ್ಯಾಪ್ ಎಂದರು, ಇನ್ನೊಬ್ಬರು ಫ್ಲಾಟ್‌ಪ್ಯಾಕ್ ಎಂದರು, ಮತ್ತೊಬ್ಬರು ಆಪ್‌ಇಮೇಜ್ ಎಂದರು. ವಾರಗಿತ್ತಿಯರ ಜಗಳ ಬಿಡಿಸಲು ಬಂದ ಮೂವರು ನಾದಿನಿಯರು ತಾವೂ ಒಂದೊಂದು ಒಲೆ ಹೂಡಿದಂತಾಯಿತು.

‘ಆಯ್ಕೆಯೇ ಸ್ವಾತಂತ್ರ್ಯ’ ಎನ್ನುತ್ತಾರೆ ಬಲ್ಲವರು. ಯಾರ ಆಯ್ಕೆ ಸ್ವಾಮಿ? ನನಗೆ ಬೇಕಿದ್ದದ್ದು ಒಂದು ಅರ್ಜಿ. ಆಜ್ಞೆ ಬೇರೆ ಬೇರೆ ಇರಲಿ, ಸಾಮಾನಿನ ಹೆಸರನ್ನಾದರೂ ಎಲ್ಲರೂ ಕೂತು ಒಂದು ಮಾಡಿಕೊಳ್ಳಬಾರದೇ? ಅದೂ ಆಗದಿದ್ದರೆ, ಪಕ್ಕದ ಮನೆಯ ಮಾತು ಹೊಡೆದಾಗ ‘ನಮ್ಮಲ್ಲಿ ಇದಕ್ಕೆ ಹೀಗೆನ್ನುತ್ತೇವೆ’ ಎಂದು ಯಂತ್ರ ಒಂದು ಸಾಲು ಹೇಳಬಾರದೇ?

ಆ ರಾತ್ರಿ ಅರ್ಜಿಯ ಏಳು ಪುಟವನ್ನೂ ಹಳೇ ಪ್ರತಿ ನೋಡಿಕೊಂಡು ಕೈಯಲ್ಲೇ ಬರೆದೆ. ಮರುದಿನ ಅದನ್ನು ಕಂಡು ಒಬ್ಬರು, ‘ಹೆಂಗಸರಿಗೆ ಕಂಪ್ಯೂಟರು ಒಗ್ಗುವುದಿಲ್ಲ ಬಿಡಿ’ ಎಂದು ನಕ್ಕರು. ಆಗ ಸುಮ್ಮನಿದ್ದೆ. ಈಗ ಹೇಳುತ್ತಿದ್ದೇನೆ: ಗ್ಯಾಸ್ಕೆಟ್ ಕೂರದಿದ್ದರೆ ಅದು ಅಡುಗೆಯವಳ ತಪ್ಪಲ್ಲ.