ನಾನು ಯಾರೆಂದು ಹೇಳುವವರು ಯಾರು?

ಸಂಘದ ಅಕ್ಕತಂಗಿಯರೇ,

ಅಪ್ಪ ಹೊಲ ಮಾರಿ ವರದಕ್ಷಿಣೆಯಾಗಿ ಕೊಟ್ಟ ಬಂಗಾರವೂ ನನ್ನ ಪಾಸ್‌ಪೋರ್ಟೂ ಒಂದೇ ಬೀರುವಿನಲ್ಲಿದ್ದವು. ಬೀಗದಕೈ ಗಂಡನ ಜೇಬಿನಲ್ಲಿ. ಇಂಗ್ಲೆಂಡಿನಲ್ಲಿ ಒಂಬತ್ತು ವರ್ಷ ಏಟು ತಿಂದು, ಒಂದು ರಾತ್ರಿ ಉಟ್ಟ ಬಟ್ಟೆಯಲ್ಲೇ ಹೊರಬಿದ್ದೆ. ಪಾಸ್‌ಪೋರ್ಟ್ ಕೇಳಿದರೆ ‘ಕಳೆದುಹೋಗಿದೆ’ ಎಂದ. ಅಲ್ಲಿನ ಪೌರತ್ವ ಸಿಕ್ಕಾಗ ಭಾರತದ ಪಾಸ್‌ಪೋರ್ಟ್ ಒಪ್ಪಿಸಿಬಿಟ್ಟಿದ್ದೆ. ಎರಡು ದೇಶದ ಪೌರತ್ವವನ್ನು ನಮ್ಮ ಕಾನೂನು ಒಪ್ಪುವುದಿಲ್ಲ.

ಕಳೆದುದಕ್ಕೆ ಬದಲಿ ಪಡೆಯಲು ಅಲ್ಲಿ ಮೇಲುಸಹಿ ಬೇಕು. ಅರ್ಜಿಯಲ್ಲೂ ಫೋಟೋದ ಹಿಂದೆಯೂ ‘ಇದು ಇವಳೇ’ ಎಂದು ಇನ್ನೊಬ್ಬರು ಸಾಕ್ಷಿ ಹಾಕಬೇಕು. ಅವರು ನೆಂಟರಾಗಿರಬಾರದು, ಬ್ರಿಟಿಷ್ ಇಲ್ಲವೇ ಐರಿಷ್ ಪಾಸ್‌ಪೋರ್ಟ್ ಇರಬೇಕು, ಒಪ್ಪಿತ ಉದ್ಯೋಗದವರೋ ಸಮಾಜದಲ್ಲಿ ಗೌರವಸ್ಥರೋ ಆಗಿರಬೇಕು, ನನ್ನನ್ನು ಕನಿಷ್ಠ 2 ವರ್ಷದಿಂದ ಬಲ್ಲವರಾಗಿರಬೇಕು.

ಎರಡು ವರ್ಷದ ಪರಿಚಯ! ಹಾಲು ತರಲೂ ಒಬ್ಬಳನ್ನೇ ಕಳಿಸದವನ ಮನೆಯಲ್ಲಿ ನನಗೆ ಯಾರ ಪರಿಚಯ? ಮನೆಗೆ ಬರುತ್ತಿದ್ದ ಇಂಜಿನಿಯರುಗಳೆಲ್ಲ ಅವನ ಸ್ನೇಹಿತರು. ಒಬ್ಬರಿಗೆ ಫೋನ್ ಮಾಡಿದೆ. ‘ಗಂಡ ಹೆಂಡಿರ ಜಗಳದಲ್ಲಿ ನಾವು ಬೇಡಮ್ಮ’ ಎಂದರು. ನನ್ನ ಮುರಿದ ಕೈ ನೋಡಿದ ಡಾಕ್ಟರು? ರೋಗಿಯಾಗಿ ಮಾತ್ರ ಬಲ್ಲರೆ ಸಾಲದು. ಆಶ್ರಯಧಾಮದ ಕಾರ್ಯಕರ್ತೆ? ಮೂರೇ ತಿಂಗಳ ಪರಿಚಯ. ಒಪ್ಪಿತ ಉದ್ಯೋಗಗಳ ಪಟ್ಟಿಯಲ್ಲಿ ಹೆಂಡದಂಗಡಿಯ ಲೈಸೆನ್ಸುದಾರನೂ ಇದ್ದಾನೆ. ಸಾರಾಯಿ ಅಂಗಡಿ ಮುಚ್ಚಿಸಲು ಬೀದಿಗಿಳಿದಿದ್ದ ನೀವು ಇದಕ್ಕೆ ನಗುತ್ತೀರೋ, ಅಳುತ್ತೀರೋ!

ಹೆಂಡತಿಯನ್ನು ಎಲ್ಲರಿಂದ ದೂರವಿಟ್ಟು ಹಿಡಿತದಲ್ಲಿಡುವುದು ಅಪರಾಧವೆಂದು ಅಲ್ಲಿ 2015ರಲ್ಲೇ ಕಾನೂನಾಗಿದೆ. ಹಾಗೆ ದೂರವಿಟ್ಟಿದ್ದರಿಂದಲೇ ಯಾರೂ ಇಲ್ಲದವಳಾದವಳಿಗೆ ‘ನಿನ್ನನ್ನು ಬಲ್ಲವರನ್ನು ಕರೆದುಕೊಂಡು ಬಾ’ ಎನ್ನುವುದು ಯಾವ ನ್ಯಾಯ? ಮೋಸದ ಅರ್ಜಿ ತಡೆಯಲು ನಿಯಮ ಬೇಕು, ಒಪ್ಪಿದೆ. ಆದರೆ ಮೈಮೇಲಿನ ಗಾಯ ಕಂಡವರ ಸಹಿ ಏಕೆ ಸಾಲದು? ಗಂಡನ ಗೆಳೆಯರ ಸಹಿಗೆ ಇರುವ ಬೆಲೆ ಅದಕ್ಕೇಕಿಲ್ಲ?

ಕೊನೆಗೆ ಸಹಿ ಹಾಕಿದ್ದು ಪಕ್ಕದ ಮನೆಯ ನಿವೃತ್ತ ಟೀಚರು. ಬಟ್ಟೆ ಒಣಹಾಕುವಾಗ ನಾಲ್ಕು ವರ್ಷ ಬೇಲಿಯಾಚೆಯಿಂದ ಮಾತಾಡಿಸುತ್ತಿದ್ದರು. ಅದೊಂದೇ ಸ್ನೇಹ ಗಂಡನ ಕಣ್ಣಿಗೆ ಬಿದ್ದಿರಲಿಲ್ಲ. ‘ಸದ್ದು ಕೇಳಿಯೂ ಪೊಲೀಸರನ್ನು ಕರೆಯಲಿಲ್ಲ, ಇಷ್ಟಾದರೂ ಮಾಡುತ್ತೇನೆ’ ಎಂದು ಕಣ್ಣೊರೆಸಿಕೊಂಡರು. ಆ ಸಹಿಯಿಂದಲೇ ತವರಿಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಹೊರದೇಶದ ವರನಿಗೆಂದು ಬಂಗಾರ ತೂಗಿಸುತ್ತಿರುವ ಅಕ್ಕಂದಿರೇ, ಮಗಳ ಪಾಸ್‌ಪೋರ್ಟ್ ಯಾರ ಕೈಯಲ್ಲಿರುತ್ತದೆ ಎಂದು ಕೇಳಿದ್ದೀರಾ? ಅದರ ಜೆರಾಕ್ಸ್ ಪ್ರತಿ ನಿಮ್ಮ ಹತ್ತಿರ ಇದೆಯೇ? ಅಲ್ಲಿ ಅವಳ ಪಕ್ಕದ ಮನೆಯವರ ಹೆಸರೇನು?