ಹೊಗೆ ಹಿಡಿಯುವ ಕಾಂತದ್ರವ ಕಾಡಿಗೆ ಬದಲಿಯಲ್ಲ

ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳನ್ನು ದ್ರವದಲ್ಲಿ ಬೆರೆಸಿ, ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿಯುವ ಪ್ರಯೋಗಗಳು ನಡೆದಿವೆ. ಭೂಮಿಯ ಬಿಸಿಗೆ ಮದ್ದು ಸಿಕ್ಕಿತೆಂದು ಹಿಗ್ಗುವ ಮುನ್ನ, ಈ ವಿದ್ಯೆ ಮಾಡಬಲ್ಲುದೇನು, ಮಾಡಲಾರದ್ದೇನು ಎಂಬುದನ್ನು ಕೃಷಿಕರೂ ವಿದ್ಯಾರ್ಥಿಗಳೂ ತೂಗಿ ನೋಡಬೇಕಾಗಿದೆ.

ಅನಿಲವನ್ನು ದ್ರಾವಣದಿಂದ ತೊಳೆಯುವ ಕ್ರಮ ಹೊಸದೇನಲ್ಲ. ಅಮೈನ್ ಎಂಬ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಅಮೆರಿಕದಲ್ಲಿ 1930ರಲ್ಲಿಯೇ ಪೇಟೆಂಟ್ ದೊರೆತಿತ್ತು. ಸುಮಾರು 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಈ ದ್ರಾವಣ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. 120 ಡಿಗ್ರಿಯವರೆಗೆ ಕಾಯಿಸಿದರೆ ಬಿಟ್ಟುಕೊಡುತ್ತದೆ. ತೊಡಕಿರುವುದು ಈ ಕಾಯಿಸುವಿಕೆಯಲ್ಲಿಯೇ. ಕಲ್ಲಿದ್ದಲಿನ ಸ್ಥಾವರವು ತನ್ನ ಶಕ್ತಿಯ ಐದನೆಯ ಒಂದು ಪಾಲನ್ನು, ಕೆಲವೊಮ್ಮೆ ಅದಕ್ಕೂ ಹೆಚ್ಚನ್ನು, ಇದಕ್ಕೇ ವ್ಯಯಿಸಬೇಕಾಗುತ್ತದೆ.

ಕಾಂತೀಯ ಕಣಗಳು ನೆರವಿಗೆ ಬರುವುದು ಇಲ್ಲಿ. ಒಂದು ಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲಿನಷ್ಟಿರುವ ಈ ಕಣಗಳು, ಅನಿಲವು ದ್ರವದೊಳಗೆ ಬೇಗ ಬೆರೆಯಲು ಸಹಕರಿಸುತ್ತವೆ. ದಿಕ್ಕು ಬದಲಿಸುತ್ತಿರುವ ಕಾಂತಕ್ಷೇತ್ರದಲ್ಲಿರಿಸಿದರೆ ಕಣಗಳೇ ಬಿಸಿಯಾಗಿ, ದ್ರವವನ್ನು ಒಳಗಿನಿಂದಲೇ ಕಾಯಿಸಿ ಅನಿಲವನ್ನು ಬಿಡಿಸುತ್ತವೆ. ಬಳಿಕ ಅಯಸ್ಕಾಂತದಿಂದ ಅವನ್ನು ಸೆಳೆದು ಮರಳಿ ಬಳಸಬಹುದು. ಉಪಾಯವೇನೋ ಜಾಣತನದ್ದೇ. ಆದರೆ ಕಾಂತಕ್ಷೇತ್ರಕ್ಕೂ ವಿದ್ಯುತ್ ಬೇಕು. ಶಾಖದ ಸೋರಿಕೆ ತಗ್ಗೀತು; ರಾಸಾಯನಿಕ ಬಂಧವನ್ನು ಬಿಡಿಸುವ ವೆಚ್ಚ ತಪ್ಪದು.

ಹಿಡಿದ ಅನಿಲವನ್ನು ಎಲ್ಲಿಡಬೇಕೆಂಬುದು ಮುಂದಿನ ಪ್ರಶ್ನೆ. ನಾರ್ವೆಯ ಸ್ಲೈಪ್ನರ್‌ನಲ್ಲಿ ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು ಸಮುದ್ರತಳದ ಕೆಳಗಿನ ಮರಳುಗಲ್ಲಿಗೆ ತುಂಬುವ ಕಾರ್ಯ 1996ರಲ್ಲಿ ಆರಂಭವಾಯಿತು. ಆರಂಭದ ವರ್ಷಗಳಲ್ಲಿ ತುಂಬಿದ್ದು ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸು. ಜಗತ್ತು ಪಳೆಯುಳಿಕೆ ಇಂಧನ ಉರಿಸಿ ಹೊರಬಿಡುವುದಾದರೋ ವರ್ಷಕ್ಕೆ 3,500 ಕೋಟಿ ಟನ್ನಿಗೂ ಅಧಿಕ.

ಕಲ್ಲಿದ್ದಲಿನ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಹನ್ನೆರಡರಷ್ಟಿದ್ದರೆ, ಬಯಲ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 420ರ ಮೇಲಿದೆ, ಅಷ್ಟೆ. ಆದುದರಿಂದ ಇಂಥ ದ್ರವದ ಸ್ಥಾನವೇನಿದ್ದರೂ ರಾಯಚೂರು, ಬಳ್ಳಾರಿಗಳಂಥ ಉಷ್ಣಸ್ಥಾವರಗಳ ಹೊಗೆಕೊಳವೆಯ ಬುಡದಲ್ಲಿ. ಅಲ್ಲಿ ಅದು ಬರಲಿ, ಸ್ವಾಗತ. ಆದರೆ "ಇಂದು ಕಡಿಯೋಣ, ನಾಳೆ ಹಿಡಿಯೋಣ" ಎಂಬ ವಾದಕ್ಕೆ ಅದು ಆಸರೆಯಾಗಬಾರದು. ಕಾಡು ಕಡಿದು ಅಕೇಶಿಯಾ ನೆಟ್ಟು ಲೆಕ್ಕ ಸರಿದೂಗಿಸಿದ್ದನ್ನು ಮಲೆನಾಡು ಕಂಡಿದೆ.

ಒಣಮರದ ತೂಕದಲ್ಲಿ ಅರ್ಧದಷ್ಟು ಇಂಗಾಲವೇ. ಒಂದು ಟನ್ ಒಣಕಟ್ಟಿಗೆ ಉರಿದರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ನಿಂತ ಮರ ಅದನ್ನು ವಿದ್ಯುತ್ತಿನ ಬಿಲ್ಲಿಲ್ಲದೆ ಹಿಡಿದಿಟ್ಟಿದೆ. ಸೊಪ್ಪಿನಬೆಟ್ಟದ ತರಗೆಲೆಯನ್ನು, ಹಳ್ಳದ ಬೇಸಿಗೆಯ ನೀರನ್ನು ಯಾವ ಕಾಂತದ್ರವವೂ ಕೊಡಲಾರದು. ಹೊಗೆ ಹಿಡಿಯುವ ಯಾವುದೇ ಯೋಜನೆ ಮುಂದೆ ಬಂದಾಗ ಗ್ರಾಮಸಭೆಗಳು ಮೂರು ಪ್ರಶ್ನೆ ಕೇಳಲಿ: ಶಕ್ತಿ ಎಲ್ಲಿಂದ? ಅನಿಲ ಎಲ್ಲಿಗೆ? ಇದರ ಹೆಸರಿನಲ್ಲಿ ಉರುಳುವ ಮರಗಳೆಷ್ಟು?