ಋಣ ತೀರಿಸುವುದು ದಾನವಲ್ಲ

2022ರ ಮೇ 31ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವು ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಕ್ಕೆ 52.02 ಕೋಟಿ ರೂಪಾಯಿಗಳ ಪರಿಸರ ಪರಿಹಾರವನ್ನು ವಿಧಿಸಿತು. 2019ರ ಮಾರ್ಚಿನಲ್ಲಿಯೇ ನ್ಯಾಯಮಂಡಳಿ 5 ಕೋಟಿಯ ಮಧ್ಯಂತರ ಪರಿಹಾರವನ್ನು ಆದೇಶಿಸಿತ್ತು. ಈ ವ್ಯಾಜ್ಯವನ್ನು ಅಲ್ಲಿಯವರೆಗೆ ಕೊಂಡೊಯ್ದುದು ಒಂದು ರಾಜಕೀಯ ಪಕ್ಷವಲ್ಲ, ಸರಕಾರದ ಒಂದು ಇಲಾಖೆಯೂ ಅಲ್ಲ. ನಂದಿಕೂರಿನ ಜನಜಾಗೃತಿ ಸಮಿತಿ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಜೈನ ಕನ್ನಡಿಗ ಕುಟುಂಬಗಳಲ್ಲಿ ಬಹಳಷ್ಟು ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ, ಮುಲ್ಕಿ ಸೀಮೆಗಳಿಂದ ಬಂದವು. ಆ ಸಮಿತಿಯ ಊರು ಅವರಿಗೆ ದೂರದ ಊರಲ್ಲ. ಆದರೂ ಆ ತೀರ್ಪು ಈ ಕುಟುಂಬಗಳ ಮಾತುಕತೆಯಲ್ಲಿ ಎಷ್ಟು ದಿನ ಉಳಿಯಿತು ಎಂಬ ಪ್ರಶ್ನೆಗೆ ಹೆಮ್ಮೆಪಡುವಂಥ ಉತ್ತರವಿಲ್ಲ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ಗಣಿಯಿಲ್ಲದ ನಾಡಿಗೆ ಕಲ್ಲಿದ್ದಲು ಹಡಗಿನಲ್ಲಿ ಬರುತ್ತದೆ. ನವಮಂಗಳೂರು ಬಂದರಿನಲ್ಲಿ ಇಳಿದು, ಕೊಂಕಣ ರೈಲಿನ ಹಳಿಯ ಮೇಲೆ ಎಲ್ಲೂರಿಗೆ ಸಾಗುತ್ತದೆ. ಅಲ್ಲಿ 600 ಮೆಗಾವಾಟ್‌ನ ಎರಡು ಘಟಕಗಳಿವೆ. ಮೊದಲನೆಯದು 2010ರ ಕೊನೆಯಲ್ಲಿ, ಎರಡನೆಯದು 2012ರಲ್ಲಿ ಉತ್ಪಾದನೆಗೆ ತೊಡಗಿತು. ಯಂತ್ರವನ್ನು ತಂಪಾಗಿಸಲು ಕಡಲ ನೀರನ್ನು ಕೊಳವೆಯಲ್ಲಿ ಒಳನಾಡಿಗೆ ತರುತ್ತಾರೆ. ಕಲ್ಲಿದ್ದಲು ಉರಿದು ವಿದ್ಯುತ್ತು ತಂತಿಯಲ್ಲಿ ಹೊರಟುಹೋಗುತ್ತದೆ. ಊರಿನಲ್ಲಿ ಉಳಿಯುವುದು ಹಾರುಬೂದಿ, ಹೊಗೆ ಮತ್ತು ಉಪ್ಪು. ಬಾವಿಯ ನೀರು ಉಪ್ಪಾಯಿತು, ಮಲ್ಲಿಗೆಯ ಮೊಗ್ಗು ಕರಟಿತು, ಭತ್ತದ ಇಳುವರಿ ಕುಸಿಯಿತು ಎಂಬುದು ಸುತ್ತಲಿನ ಕೃಷಿಕರ ದೂರು. ಉಡುಪಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅಂಗಳದ ಹತ್ತಿಪ್ಪತ್ತು ಗಿಡಗಳ ಹೂವು ಕೊಯ್ದು ಕಟ್ಟುವ ಹೆಂಗಸಿನ ಪಾಲಿಗೆ ಆ ಮಾನ್ಯತೆಗಿಂತ ಬೆಳಗಿನ ಮೊಗ್ಗು ದೊಡ್ಡದು.

ಈ ಯೋಜನೆಗೆ ಪರಿಸರ ಅನುಮತಿ ದೊರೆತದ್ದು 1997ರ ಮಾರ್ಚಿನಲ್ಲಿ, ನಾಗಾರ್ಜುನ ಎಂಬ ಕಂಪನಿಯ ಹೆಸರಿನಲ್ಲಿ. ಇಂಥ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಕಡ್ಡಾಯವಾದುದು ಅದೇ ವರ್ಷದ ಏಪ್ರಿಲ್ 10ರ ತಿದ್ದುಪಡಿಯಿಂದ. ಊರಿನವರ ಮಾತನ್ನು ಕೇಳಲೇಬೇಕೆಂಬ ನಿಯಮವು ಅನುಮತಿಪತ್ರಕ್ಕಿಂತ ಕೆಲವೇ ವಾರ ತಡವಾಗಿ ಬಂದಿತು. ಅದೇ ನಂದಿಕೂರಿನಲ್ಲಿ 1000 ಮೆಗಾವಾಟ್‌ನ ಸ್ಥಾವರ ಕಟ್ಟಲು ಬಂದಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ, ವರ್ಷಗಳ ಜನವಿರೋಧ ಮತ್ತು ವ್ಯಾಜ್ಯಗಳ ಬಳಿಕ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ಗೆದ್ದೆವೆಂದು ಊರು ಉಸಿರುಬಿಡುವಷ್ಟರಲ್ಲಿ ಇನ್ನೊಂದು ಯೋಜನೆ ಹೆಸರು ಬದಲಿಸಿಕೊಂಡು ಮುಂದುವರಿಯಿತು. ನಾಗಾರ್ಜುನದಿಂದ ಲ್ಯಾಂಕೊ ಸಮೂಹಕ್ಕೆ, 2015ರಲ್ಲಿ ಅದಾನಿ ಪವರ್‌ಗೆ ಅದು ಕೈ ಬದಲಾಯಿತು. ಒಡೆಯರು ಎರಡು ಬಾರಿ ಬದಲಾದರೂ ಬಾವಿಗಳು ಎಲ್ಲಿದ್ದವೋ ಅಲ್ಲಿಯೇ ಇದ್ದವು.

ಇಲ್ಲಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದಾನಿ ಪವರ್ ಈ ಸ್ಥಾವರವನ್ನು ಕೊಳ್ಳುವುದಾಗಿ 2014ರಲ್ಲಿ ಘೋಷಿಸಿದಾಗ ಹೇಳಿದ ಮೌಲ್ಯ ಸುಮಾರು 6000 ಕೋಟಿ ರೂಪಾಯಿ. 52.02 ಕೋಟಿಯೆಂದರೆ ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಉತ್ಪಾದನೆ ಆರಂಭವಾದಂದಿನಿಂದ ತೀರ್ಪಿನವರೆಗಿನ ಹನ್ನೊಂದೂವರೆ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಸುಮಾರು ನಾಲ್ಕೂವರೆ ಕೋಟಿ. ಒಂದು ಸೀಮೆಯ ನೆಲ, ನೀರು, ಗಾಳಿಗಳಿಗೆ ಇಷ್ಟೇ ಬೆಲೆಯೆಂದಾದರೆ, ಮೊದಲೇ ತಡೆಯುವುದಕ್ಕಿಂತ ಕೆಡಿಸಿ ದಂಡ ತೆರುವುದೇ ಅಗ್ಗವೆಂದು ಯಾವ ಲೆಕ್ಕಿಗನೂ ಹೇಳಿಯಾನು. ಕಲ್ಲಿದ್ದಲಿನ ಖರೀದಿ, ಹಡಗಿನ ಬಾಡಿಗೆ, ಬ್ಯಾಂಕಿನ ಬಡ್ಡಿ, ಯಂತ್ರದ ಸವಕಳಿ ಇವೆಲ್ಲ ಲಾಭ-ನಷ್ಟದ ಪಟ್ಟಿಯಲ್ಲಿ ಮೊದಲ ವರ್ಷದಿಂದಲೇ ಕಾಣಿಸುತ್ತವೆ. ಉಪ್ಪಾದ ಬಾವಿ ಆ ಪಟ್ಟಿಗೆ ಬರಬೇಕಾದರೆ ಒಂದು ಹಳ್ಳಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ನಂದಿಕೂರಿನ ಸಮಿತಿ ಮಾಡಿದುದು ಚಳವಳಿ ಮಾತ್ರವಲ್ಲ, ಸರಕಾರ ಮಾಡಬೇಕಿದ್ದ ಲೆಕ್ಕಪರಿಶೋಧನೆ.

ಇದೇ ಕರಾವಳಿಯ ಉತ್ತರಕ್ಕೆ, ವಿರಾರ್ ದಾಟಿ ಸಾಗುವ ಲೋಕಲ್ ರೈಲಿನ ಕೊನೆಯ ನಿಲ್ದಾಣವಾದ ಡಹಾಣುವಿನಲ್ಲಿ ಇನ್ನೊಂದು ನಿದರ್ಶನವಿದೆ. 2014ರವರೆಗೆ ಡಹಾಣು ಠಾಣೆ ಜಿಲ್ಲೆಯದೇ ತಾಲ್ಲೂಕು. ಚಿಕ್ಕು ತೋಟಗಳಿಗೂ ವಾರ್ಲಿ ಆದಿವಾಸಿಗಳಿಗೂ ಹೆಸರಾದ ಆ ಸೀಮೆಯಲ್ಲಿ 500 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಬಂದಾಗ ಸ್ಥಳೀಯರು ನ್ಯಾಯಾಲಯಕ್ಕೆ ಹೋದರು. ಸ್ಥಾವರ ನಿಲ್ಲಲಿಲ್ಲ. ಆದರೆ 1991ರ ಜೂನಿನಲ್ಲಿ ಕೇಂದ್ರ ಸರಕಾರ ಇಡೀ ತಾಲ್ಲೂಕನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿತು. 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಿವೃತ್ತ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ರಚನೆಯಾಯಿತು. ಹೊಗೆಯಿಂದ ಗಂಧಕವನ್ನು ತೆಗೆಯುವ ಘಟಕವನ್ನು ಕಟ್ಟಬೇಕೆಂದು ಪ್ರಾಧಿಕಾರ 1999ರಲ್ಲಿ ಆದೇಶಿಸಿತು. ಘಟಕ ಕೆಲಸ ಆರಂಭಿಸಿದ್ದು 2007ರಲ್ಲಿ. ಎಂಟು ವರ್ಷ ಹಿಡಿಯಿತೆಂಬುದು ನಿಜ, ಹಿಡಿದದ್ದು ಕೈಗೂಡಿತೆಂಬುದೂ ನಿಜ. ನಂದಿಕೂರಿಗೆ ತೀರ್ಪು ಸಿಕ್ಕಿತು, ಡಹಾಣುವಿಗೆ ತೀರ್ಪಿನ ಜೊತೆಗೆ ಅದನ್ನು ಕಾಯುವ ಒಂದು ಸಂಸ್ಥೆಯೂ ಸಿಕ್ಕಿತು. ಇವೆರಡರ ನಡುವಿನ ಅಂತರವೇ ಇಲ್ಲಿ ಕಲಿಯಬೇಕಾದ ಪಾಠ.

ಆ ಸಂಸ್ಥೆಯೂ ಶಾಶ್ವತ ರಕ್ಷೆಯಲ್ಲ. 1998ರಲ್ಲಿ ವಾಢವಣ ಬಂದರನ್ನು ನಿರಾಕರಿಸಿದ ಪ್ರಾಧಿಕಾರವೇ 2023ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಗಂಧಕದ ಹೊಗೆಗೆ 2015ರಲ್ಲಿ ದೇಶವ್ಯಾಪಿ ಮಿತಿ ಹಾಕಿದ ಕೇಂದ್ರ ಸರಕಾರ, 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಘಟಕದಿಂದ ವಿನಾಯಿತಿ ಕೊಟ್ಟಿತು. ಛತ್ತೀಸ್‌ಗಢದ ಹಸದೇವ್ ಅರಣ್ಯದ ಆದಿವಾಸಿಗಳು 2021ರ ಅಕ್ಟೋಬರಿನಲ್ಲಿ ಕಲ್ಲಿದ್ದಲು ಗಣಿಗಳ ವಿರುದ್ಧ ರಾಯಪುರದವರೆಗೆ ಸುಮಾರು 300 ಕಿಲೋಮೀಟರ್ ನಡೆದರು. ಮರುವರ್ಷದ ಜುಲೈಯಲ್ಲಿ ವಿಧಾನಸಭೆಯೇ ಗಣಿಗಳ ವಿರುದ್ಧ ನಿರ್ಣಯ ಅಂಗೀಕರಿಸಿತು. ಅದರ ಬಳಿಕವೂ ಅಲ್ಲಿ ಮರಗಳು ಉರುಳಿವೆ. ಕಾಯುವ ಜನ ಕಣ್ಣು ಮುಚ್ಚಿದ ದಿನವೇ ಕಾಗದದ ರಕ್ಷೆ ಹರಿಯುತ್ತದೆ.

ಜೈನ ಸಮಾಜಕ್ಕೆ ಈ ವಿಷಯ ಹೊರಗಿನದಲ್ಲ. ಗೃಹಸ್ಥನು ಬಿಡಬೇಕಾದ ಕ್ರೂರ ಜೀವನೋಪಾಯಗಳನ್ನು ಶ್ರಾವಕಾಚಾರದ ಗ್ರಂಥಗಳು ಹದಿನೈದೆಂದು ಎಣಿಸಿವೆ. ಕಾಡು ಕಡಿಯುವುದು, ಇದ್ದಿಲು ಸುಡುವುದು, ನೆಲ ಒಡೆಯುವುದು, ಕೆರೆ ಬತ್ತಿಸುವುದು ಆ ಪಟ್ಟಿಯಲ್ಲಿವೆ. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವೂ ಎಲ್ಲರಿಗೆ ಗೊತ್ತಿದ್ದದ್ದೇ: ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಗಡ್ಡೆ-ಗೆಣಸು ತಿನ್ನದ, ರಾತ್ರಿ ಉಣ್ಣದ ಮನೆಯ ಮ್ಯೂಚುವಲ್ ಫಂಡಿನಲ್ಲಿ ಕಲ್ಲಿದ್ದಲಿನ ಷೇರುಗಳಿದ್ದರೆ ಅದು ಕಾರಿತವೋ ಅನುಮೋದಿತವೋ ಎಂದು ವಿಚಾರಿಸುವ ಅಭ್ಯಾಸ ಮಾತ್ರ ಬೆಳೆದಿಲ್ಲ. ವಿದ್ಯುತ್ತು ಎಲ್ಲರಿಗೂ ಬೇಕು, ಷೇರುಪೇಟೆ ಪಾಪದ ಕೂಪವೂ ಅಲ್ಲ ಎಂಬ ಪ್ರತಿವಾದದಲ್ಲಿ ಹುರುಳಿದೆ. ಆದರೆ ದೀಪ ಬೇಕೆನ್ನುವವನು ಅದರ ಪೂರ್ಣ ಬೆಲೆಯನ್ನು ತೆರಬೇಕು. ಬೆಲೆಯ ಒಂದು ಪಾಲನ್ನು ಎಲ್ಲೂರಿನ ಬಾವಿಗೆ ದಾಟಿಸಿ ಅಗ್ಗದ ದೀಪ ಉರಿಸುವುದು ಮಿತವ್ಯಯವೆನಿಸದು.

ಹಾಗಾದರೆ ದೂರದಲ್ಲಿರುವವರು ಮಾಡಬಹುದಾದುದೇನು? ಮೊದಲನೆಯದು, ಸಹಿಯ ಎಚ್ಚರ. ಪಹಣಿಯಲ್ಲಿ ಮುಂಬಯಿಯಲ್ಲಿರುವವನ ಹೆಸರಿದ್ದು, ಗದ್ದೆಯನ್ನು ಊರಿನಲ್ಲಿ ಇನ್ನೊಬ್ಬರು ಮಾಡುತ್ತಿರುವುದು ತುಳುನಾಡಿನಲ್ಲಿ ಅಪರೂಪವಲ್ಲ. ಭೂಸ್ವಾಧೀನದ ನೋಟೀಸು ಬಂದಾಗ ಪರಿಹಾರದ ಮೊತ್ತ ನೋಡಿ ಒಪ್ಪಿಗೆ ಕೊಡುವವನು, ಆ ಸಹಿಯಿಂದ ಪಕ್ಕದ ಹಿಡುವಳಿದಾರನ ವಿರೋಧ ಎಷ್ಟು ಸಡಿಲವಾಗುತ್ತದೆಂದು ಒಮ್ಮೆ ಯೋಚಿಸಬೇಕು. ಎರಡನೆಯದು, ಪ್ರಶ್ನೆ. ದೊಡ್ಡ ಸಾವಿರ ನೋಂದಾಯಿತ ಕಂಪನಿಗಳು ಪರಿಸರದ ವಿಷಯದಲ್ಲಿ ವರ್ಷವರ್ಷವೂ ವರದಿ ಕೊಡಬೇಕೆಂದು ಸೆಬಿ ವಿಧಿಸಿದೆ. ವಿವಾದದಲ್ಲಿರುವ ಹೊಣೆಗಳು ಲೆಕ್ಕಪತ್ರದ ಟಿಪ್ಪಣಿಗಳಲ್ಲಿರುತ್ತವೆ. ಷೇರುದಾರನಿಗೆ ಅವನ್ನು ಓದುವ ಹಕ್ಕಿದೆ, ವಾರ್ಷಿಕ ಸಭೆಯಲ್ಲಿ ಕೇಳುವ ಹಕ್ಕಿದೆ, ಬಳಸುವವರು ಬೆರಳೆಣಿಕೆ. ಮೂರನೆಯದು, ವಿದ್ಯೆಯ ನೆರವು. ಹಳ್ಳಿಯ ಸಮಿತಿಗೆ ಘೋಷಣೆ ಕೂಗುವವರಿಗಿಂತ ನೀರಿನ ಪರೀಕ್ಷಾ ವರದಿ ಓದಬಲ್ಲವರು, ಅರ್ಜಿ ಬರೆಯಬಲ್ಲವರು, ಬೆಳೆನಷ್ಟದ ಲೆಕ್ಕ ಹಾಕಬಲ್ಲವರು ಬೇಕು. ವರ್ತಕ ನಗರದಿಂದ ಡೊಂಬಿವಲಿಯವರೆಗೆ ಅಂಥವರು ಪ್ರತಿ ಕಟ್ಟಡದಲ್ಲಿಯೂ ಇದ್ದಾರೆ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ನೂರಕ್ಕೆ ಎರಡರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚಮಾಡಬೇಕು. ಶಾಲೆಗೆ ಕೊಠಡಿ, ಊರಿಗೆ ಸಭಾಭವನ, ಮಕ್ಕಳಿಗೆ ಪುಸ್ತಕ ಬರುವುದು ಈ ಹಣದಿಂದ. ಕೊಟ್ಟವನ ಹೆಸರು ಗೋಡೆಯ ಮೇಲೆ ಬರೆಯಲ್ಪಡುತ್ತದೆ, ಶಾಲು ಹೊದಿಸಲಾಗುತ್ತದೆ. ಬಳಿಕ ಬಾವಿಯ ಮಾತೆತ್ತುವುದು ಸಂಕೋಚದ ವಿಷಯವಾಗುತ್ತದೆ. ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ನಾಲ್ಕು ದಾನಗಳನ್ನು ಬಲ್ಲ ಸಮಾಜಕ್ಕೆ ಈ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಡಿಸಿದ್ದಕ್ಕೆ ತೆರುವುದು ಋಣ. ಅದನ್ನು ತೀರಿಸುವವರೆಗೆ ಅದೇ ಕೈಯಿಂದ ಬರುವುದು ದಾನವಾಗದು. ಬಸದಿಯ ಜೀರ್ಣೋದ್ಧಾರಕ್ಕಾಗಲಿ ವಿದ್ಯಾರ್ಥಿನಿಲಯಕ್ಕಾಗಲಿ ನೆರವು ಕೋರುವ ಸಮಿತಿಗಳು, ಕೊಡುವವನ ಮೇಲೆ ಊರಿನ ಬಾಕಿ ಏನಾದರೂ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಲಿ. ಆ ಒಂದು ನಿಯಮವನ್ನು ಸಮಾಜದ ಸಂಸ್ಥೆಗಳು ನಡಾವಳಿಯಲ್ಲಿ ಬರೆದುಕೊಂಡರೆ ಅದು ಸಣ್ಣ ಸುಧಾರಣೆಯಾಗದು.

52.02 ಕೋಟಿಯ ಆದೇಶದಿಂದ ಕಥೆ ಮುಗಿದಿಲ್ಲ. ಆ ಹಣ ಯಾವ ಬಾವಿಗೆ, ಯಾವ ಗದ್ದೆಗೆ, ಯಾವ ಮಲ್ಲಿಗೆಯ ಅಂಗಳಕ್ಕೆ ಎಷ್ಟು ತಲುಪಿತೆಂಬ ಲೆಕ್ಕ ಗ್ರಾಮಸಭೆಯ ಮುಂದೆ ಸಾಲುಸಾಲಾಗಿ ಓದಲ್ಪಡಬೇಕು. ಬೇಸಿಗೆಯ ರಜೆಯಲ್ಲಿ ನೇಮಕ್ಕೆ, ರಥೋತ್ಸವಕ್ಕೆ, ಬಸದಿಯ ವಾರ್ಷಿಕೋತ್ಸವಕ್ಕೆ ಊರಿಗೆ ಹೋಗುವ ಕುಟುಂಬಗಳು ಆ ಲೆಕ್ಕವನ್ನೂ ಒಮ್ಮೆ ಕೇಳಿ ಬರಲಿ.